ಪರ್ಖಿ

ಪ್ರಶ್ನೆ ನಾಲ್ಕು, ಎರಡು ಅಂಕ:
ಕೆಳಗಿನ ಮಾದರಿ ಆಯ್ಕೆಯ ವಿಧಾನವನ್ನು ಗುರುತಿಸಿರಿ.
ಬಿರಾಜದಾರ ಸರ್ ಮರಾಠಿಯಲ್ಲಿ ಕೇಳಿದ್ದನ್ನು
ಒಳಗೊಳಗೇ ಕನ್ನಡ ಮಾಡಿಕೊಂಡು
ತಿರುಗಿ ಮರಾಠಿಯಲ್ಲೇ ಬರೆದೆ.
ಎರಡಕ್ಕೆ ಎರಡು ಬಂತು.

ಅಪ್ಪನಿಗೆ ಆ ಪ್ರಶ್ನೆ ಯಾರೂ ಕೇಳಲಿಲ್ಲ.
ದುಧನಿಯ ಅಡತ ಅಂಗಡಿಗಳಲ್ಲಿ ಮೂವತ್ತು ವರ್ಷ
ತೊಗರಿ ಚೀಲಕ್ಕೆ ಪರ್ಖಿ ಚುಚ್ಚಿದವನು
ಬಾಯಿ ಬಿಚ್ಚಿದ ಚೀಲದ ಮೇಲಿನ ಹಿಡಿಯನ್ನು
ಒಮ್ಮೆಯೂ ನಂಬಲಿಲ್ಲ.
‘ಮ್ಯಾಲಿನವು ಮದುವಿ ಕಾಳು,
ಸಿಂಗಾರ ಮಾಡ್ಕೊಂಡು ಕುಂತಿರತಾವು.’
ಹೊಟ್ಟೆಗೊಂದು ತೂತು, ಮೂಲೆಗೊಂದು, ಬುಡಕ್ಕೊಂದು.
ಅಂಗೈಗೆ ಸುರಿದು, ಊದಿ,
ಒಂದು ಕಾಳು ಹಲ್ಲಿಗೆ ಕೊಟ್ಟು ಕಟ್ ಅನ್ನಿಸಿ
ಆಮೇಲೆ ಸಾಹುಕಾರನ ಕಡೆ ನೋಡುತ್ತಿದ್ದ.
ಆ ತೂತುಗಳಿಗೆ ಅವನಲ್ಲಿ ಹೆಸರಿರಲಿಲ್ಲ.
ನನ್ನ ಪುಸ್ತಕದಲ್ಲಿ ಬರೀ ಹೆಸರುಗಳಿದ್ದವು.

ಬಿ.ಎ. ಮುಗಿದ ಬೇಸಿಗೆಗೆ ಒಂದು ಕೆಲಸ ಸಿಕ್ಕಿತು,
ದಿನಕ್ಕೆ ನಾನೂರು, ಮೇಲೆ ಒಂದು ಟೊಪ್ಪಿಗೆ.
‘ಮನೆಯಲ್ಲಿ ಆಡುವ ಭಾಷೆ ಯಾವುದು?’
ಸ್ಟೇಷನ್ ಹಿಂದಿನ ಹೊಸ ಬಡಾವಣೆ.
ಏಳು ಚೀಟಿಯಲ್ಲಿ ಒಂದನ್ನೆತ್ತು, ಅಲ್ಲಿಂದ ಶುರು,
ಮುಂದೆ ಪ್ರತಿ ಏಳನೆಯ ಮನೆ.
ಎತ್ತಿದೆ. ಒಂದು ಬಂತು.

ಒಂದು. ಎಂಟು. ಹದಿನೈದು.
ಇಪ್ಪತ್ತೆರಡಕ್ಕೆ ಬೀಗ.
ಇಪ್ಪತ್ಮೂರರ ಕಟ್ಟೆ ಮೇಲೆ ಲಗಮವ್ವ ಶೇಂಗಾ ಸುಲಿಯುತ್ತಿದ್ದಳು.
‘ನಮ್ಮನ್ನ ಬರಕೊ ತಂಗಿ, ನಾವೇನು ಮಂದಿ ಅಲ್ಲೇನು?’
ಬೊಗಸೆ ತುಂಬ ಕೊಟ್ಟಳು.
ಶೇಂಗಾ ಇಸಕೊಂಡೆ, ಹೆಸರು ಬರೆದುಕೊಳ್ಳಲಿಲ್ಲ.
ಬರೆದಿದ್ದರೆ ಅದಕ್ಕೂ ಒಂದು ಹೆಸರಿದೆ:
ಅನುಕೂಲದ ಮಾದರಿ.
ಬಿಸಿಲಿಗೆ ನೆರಳು ಕೊಟ್ಟವರು, ಕೈಬೀಸಿ ಕರೆದವರು,
ನಾಯಿ ಸಾಕದವರು.
‘ಅನ್ನ ಬೆಂದದ್ದು ನೋಡಾಕ ಒಂದ ಅಗಳ ಸಾಕಲ್ಲ,
ಈ ಮನಿ ಆ ಮನಿ ಏನೈತಿ?’ ಅಂದಳು.

ಖರೆ. ಆದರೆ ಗಡಿಗೆಯನ್ನು
ಉರಿ ಮೇಲೆ ಕೆಳಗೆ ಮಾಡಿರುತ್ತದೆ.
ಈ ಸಾಲುಗಳನ್ನು ಯಾರು ಕೈಯಾಡಿಸಿದ್ದಾರೆ?

ಇಪ್ಪತ್ತೊಂಬತ್ತು. ಕಿರಾಣಿ ಅಂಗಡಿ.
‘ಮರಾಠೀ,’ ಅಂದ ಗಲ್ಲೆಯ ಮೇಲಿದ್ದವ, ತಲೆ ಎತ್ತದೆ.
ಒಳಗಿನಿಂದ ಮುದುಕಿಯೊಬ್ಬಳು ಕೂಗಿದಳು:
‘ಯಾರೋ ಅದು? ನೀರ ಕೊಡೋ ಅವ್ವಗ!’
ಕಾಗದದಲ್ಲಿ ಒಂದೇ ಚೌಕ.
ಯಾವ ಧ್ವನಿಗೆ ಗೀಟು ಹಾಕಲಿ?
ಅಂಗಡಿಗೇ ಹಾಕಿದೆ.

ಮೂವತ್ತಾರೂ ಅಂಗಡಿ.
ಆಗ ನಿಂತೆ. ಹಿಂದಕ್ಕೆ ನೋಡಿದೆ.
ಹಗ್ಗ ಹಿಡಿದು ಹಾಕಿದ ಬಡಾವಣೆ, ಸಾಲಿಗೆ ಏಳೇ ಮನೆ.
ಬೆಳಗಿನಿಂದ ನಾನು ಬಡಿದದ್ದೆಲ್ಲ
ಮೂಲೆಯ ಬಾಗಿಲುಗಳನ್ನೇ.
ಮೂಲೆ ಪ್ಲಾಟಿಗೆ ದರ ಹೆಚ್ಚು.
ಅಂಗಡಿ ಇಡಬಲ್ಲವರು ಹಿಡಿದರು, ಬೋರ್ಡು ಹಾಕಿದರು.
ನಡುವೆ ಹಮಾಲರು, ಬೀಡಿ ಕಟ್ಟುವವರು,
ರೈಲ್ವೆ ಹಳಿಯ ಗ್ಯಾಂಗಿನವರು.
ಸ್ತರ ಅನ್ನುತ್ತಾರೆ ಸರ್,
ಪ್ರತಿ ಸ್ತರದಿಂದ ಅಷ್ಟಿಷ್ಟು ತೆಗೆಯಬೇಕು.
ಸ್ತರ ಮಾಡುವುದನ್ನು ಊರು ಮೊದಲೇ ಕಲಿತಿತ್ತು,
ತೆಗೆಯುವುದನ್ನಷ್ಟೇ ಮರೆತಿತ್ತು.

ನಮ್ಮ ಮನೆ ನಾಲ್ಕನೆಯ ಸಾಲಿನ ನಾಲ್ಕನೆಯದು.
ಚೀಟಿ ಒಂದು ಎಂದ ಗಳಿಗೆಯಲ್ಲೇ
ಅಪ್ಪನ ಭಾಷೆ ಲೆಕ್ಕದಿಂದ ಹೊರಗೆ.
ನಾಲ್ಕು ಬಂದಿದ್ದರೆ?
ನಾನು ನನ್ನದೇ ಬಾಗಿಲು ಬಡಿದು
ಅವ್ವನಿಗೆ ‘ನಮಸ್ಕಾರ, ನಾನು ಸಮೀಕ್ಷೆಯವಳು’ ಅಂದು,
ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು
‘ಹುಚ್ಚಿ, ಊಟಾ ಮಾಡು ಬಾ’ ಅನ್ನುತ್ತಿದ್ದಳು.

ರಾತ್ರಿ ಕಾಗದಗಳನ್ನು ಜೋಡಿಸಿದೆ.
ಗೂಟಕ್ಕೆ ಪರ್ಖಿ ತೂಗುತ್ತಿತ್ತು,
ಗಂಟಲಲ್ಲಿ ಇನ್ನೂ ತೊಗರಿಯ ಧೂಳು.
ಮೊದಲ ಪುಟದಲ್ಲೊಂದು ಖಾಲಿ ಗೆರೆ: ಬಳಸಿದ ವಿಧಾನ.
‘ಕ್ರಮಬದ್ಧ,’ ಬರೆದೆ. ಎರಡು ಅಂಕದ ಉತ್ತರ.
ಪೆನ್ನು ಎತ್ತಲಾಗಲಿಲ್ಲ.
ಕೆಳಗೆ ಸಣ್ಣ ಅಕ್ಷರದಲ್ಲಿ, ಕನ್ನಡದಲ್ಲಿ:
‘ಚೀಲದ ಬುಡ ಮುಟ್ಟಿಲ್ಲ.’

ನಾಳೆ ಬೇರೆ ಚೀಟಿ ಎತ್ತಲು ಬಿಡುತ್ತಾರೋ ಇಲ್ಲವೋ.
ಕಾಗದ ತುರುಕಲು ಕೈ ಹಾಕಿದರೆ
ನನ್ನ ಚೀಲದ ತಳದಲ್ಲಿ
ಲಗಮವ್ವನ ಶೇಂಗಾ.